ಒಂಬತ್ತು ಅಂಕದವನು ಯಾರನ್ನು ತಡೆಯಬೇಕು?

1964ರಲ್ಲಿ ನಾನು ಕಂಬಂ ಕಣಿವೆಯ ಒಂದು ಹೈಸ್ಕೂಲಿಗೆ ದೈಹಿಕ ಶಿಕ್ಷಣದ ಮೇಷ್ಟರಾಗಿ ಸೇರಿದೆ. ನನ್ನೂರು ಕೊಳ್ಳೇಗಾಲದ ಕಡೆ. ಆ ಸೀಮೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಓದಿದವನು, ತಮಿಳು ಬರುತ್ತಿತ್ತು. ಆದರೆ ಅಷ್ಟು ದೂರದಲ್ಲಿ ಕನ್ನಡ ಕಿವಿಗೆ ಬಿದ್ದೀತೆಂದು ಎಣಿಸಿರಲಿಲ್ಲ. ಮೊದಲ ದಿನವೇ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ, "ಚೆಂಡ ಇತ್ತ ಬುಡುಡಾ" ಎಂದು ಕೂಗಿದ. ನಾನು ಕನ್ನಡದಲ್ಲೇ ಮಾತನಾಡಿಸಿದಾಗ ಎಲ್ಲರಿಗೂ ನಗು. ಮೇಷ್ಟರಿಗೆ ಅಲ್ಲಿ ವಾತ್ಯಾರು ಎನ್ನುತ್ತಾರೆ. "ವಾತ್ಯಾರು ರೇಡಿಯೋದವ್ರಂಗೆ ಮಾತಾಡ್ತಾರ" ಎಂದು ಒಬ್ಬ ಪಿಸುಗುಟ್ಟಿದ. ನಮ್ಮ ತಂಡದ ಹುಡುಗರೆಲ್ಲ ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆಯವರು.

ತಂಡದ ನಾಯಕ ರಾಮಸಾಮಿ. ಆರಡಿ ಎತ್ತರ, ಜಿಗಿದರೆ ಬುಟ್ಟಿಯ ಬಳೆ ಮುಟ್ಟುತ್ತಿದ್ದ. ಎದುರಾಳಿಗಳ ಅತಿ ಒಳ್ಳೆಯ ಆಟಗಾರನನ್ನು ನಾಯಕನೇ ತಡೆಯಬೇಕು ಎಂಬುದು ಅವನ ಹಟ. ಹಿಂದಿನ ವರ್ಷ ದಿಂಡಿಗಲ್‌ನಲ್ಲಿ ಅವನು ಹಾಗೆ ತಡೆಯಲು ಹೋಗಿದ್ದು ಅಲ್ಲಿನ ತಂಡದ ಪಳನಿ ಎಂಬ ಚುರುಕು ಕಾಲಿನ ಹುಡುಗನನ್ನು. ಪಳನಿ ಅವನನ್ನು ಕಂಬ ಸುತ್ತಿದಂತೆ ಸುತ್ತಿ ಹೋಗಿ ಬುಟ್ಟಿ ತುಂಬಿಸಿದ್ದನಂತೆ. ಈ ವರ್ಷ ಅದೇ ತಂಡವನ್ನು ಸೋಲಿಸಿ ಬರಬೇಕೆಂಬ ಒಂದೇ ಆಸೆ ಹುಡುಗರಿಗೆ.

ಐಪ್ಪಸಿ, ಅಂದರೆ ದೀಪಾವಳಿ ತಿಂಗಳ, ಮಳೆ ಹಿಡಿಯಿತು. ಮಣ್ಣಿನ ಅಂಕಣ ಕೆಸರಾಯಿತು. ಕೈಕಟ್ಟಿ ಕೂರುವುದೇಕೆಂದು ವರಾಂಡದಲ್ಲಿ ಕೇರಂ ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಂಕಣ ಬರೆದೆ. ಅಂಗಿಯ ಗುಂಡಿಗಳೇ ಆಟಗಾರರು. ಪ್ರತಿಯೊಬ್ಬನಿಗೂ ಹತ್ತಕ್ಕೆ ಇಷ್ಟೆಂದು ಎರಡು ಅಂಕ: ಬುಟ್ಟಿಗೆ ಹಾಕುವುದಕ್ಕೆ ಒಂದು, ತಡೆಯುವುದಕ್ಕೆ, ಅಂದರೆ ಡಿಫೆನ್ಸಿಗೆ, ಇನ್ನೊಂದು. ಚೆಂಡು ಹಾಕುವವನು ದಾಳ ಉರುಳಿಸಿ ಬಿದ್ದದ್ದನ್ನು ತನ್ನ ಅಂಕಕ್ಕೆ ಕೂಡಿಸಬೇಕು. ಅದು ತಡೆಯುವವನ ಅಂಕವನ್ನು ದಾಟಿ ಸಾಕಷ್ಟು ಮೇಲೆ ಹೋದರೆ ಬುಟ್ಟಿ. ಹುಡುಗರೆಲ್ಲ ಸೇರಿ ರಾಮಸಾಮಿಯ ಡಿಫೆನ್ಸಿಗೆ ಒಂಬತ್ತು ಕೊಟ್ಟರು. ಕುಳ್ಳ ಬೊಮ್ಮಯ್ಯನಿಗೆ ಐದು.

ಹಲಗೆಯ ಮೇಲೆ ನಾವು ದಿಂಡಿಗಲ್ಲನ್ನು ದಿನವೂ ಸೋಲಿಸಿದೆವು. ಹುಡುಗರಿಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಅನುಮಾನ. ನೆಲದ ಮೇಲೆ ಸೋತ ಆಟವನ್ನು ಹಲಗೆ ಗೆಲ್ಲಿಸುತ್ತಿದೆ ಎಂದರೆ ಅಂಕದಲ್ಲೇ ಏನೋ ತಪ್ಪಿದೆ. ಯೋಚಿಸಿ ಡಿಫೆನ್ಸಿನ ಅಂಕವನ್ನು ಮೂರಾಗಿ ಒಡೆದೆ. ನುಗ್ಗುವವನ ಮುಂದೆ ಸರಿದು ನಿಲ್ಲಲು ಕಾಲು, ಚೆಂಡು ಕಸಿಯಲು ಕೈ, ಬುಟ್ಟಿಯ ಕೆಳಗೆ ಜಿಗಿತ. ಎದುರಾಳಿ ಹೇಗೆ ಬರುತ್ತಾನೋ ಆ ಅಂಕ ಮಾತ್ರ ಲೆಕ್ಕಕ್ಕೆ. ರಾಮಸಾಮಿಗೆ ಜಿಗಿತ ಒಂಬತ್ತೇ ಉಳಿಯಿತು, ಕಾಲಿಗೆ ನಾಲ್ಕು ಬಂತು. ಬೊಮ್ಮಯ್ಯನಿಗೆ ಜಿಗಿತ ಎರಡು, ಕಾಲು ಒಂಬತ್ತು.

ಬೊಮ್ಮಯ್ಯ ಆ ಕಾಲು ಎಲ್ಲಿ ಕಲಿತ ಎಂದು ಅವರ ಮನೆಗೆ ಹೋದಾಗ ಕೇಳಿದೆ. ಅವನ ಅವ್ವ, ಅಂದರೆ ಅಜ್ಜಿ, ಕೊಬ್ಬರಿ ತುಂಡು ಕೈಗಿಡುತ್ತಾ, "ನಾ ಹಾಲ್ ಕರೀವಾಗ ಕರ ತಡೀತಾನ ಸಾಮೀ. ಕರ ಎತ್ತ ನುಗ್ಗಿದ್ರೂ ಇವ ಅತ್ತಲೇ. ಇವ್ನಿಂದ ಆ ಕರ ಬಡಕಲಾಗೋಯ್ತು" ಎಂದು ದೂರಿದಳು.

ಹೊಸ ಅಂಕ ಕೇಳಿ ರಾಮಸಾಮಿಯ ಮುಖ ಕಪ್ಪಿಟ್ಟಿತು. "ನನಗ ನಾಲ್ಕಾ ವಾತ್ಯಾರೇ?"

ನಾನು ವಾದಿಸಲಿಲ್ಲ. ಹಲಗೆಯ ಮೇಲೆ ದಿಂಡಿಗಲ್ ಪರ ನೀನೇ ಆಡು ಎಂದೆ. ಪಳನಿಯ ಗುಂಡಿ ಹಿಡಿದು ಅವನು ತನ್ನದೇ ಗುಂಡಿಯನ್ನು ಮತ್ತೆ ಮತ್ತೆ ದಾಟಿದ. ಗೆಲ್ಲುವ ಹುರುಪಿನಲ್ಲಿ ತಾನು ಯಾರನ್ನು ಸೋಲಿಸುತ್ತಿದ್ದೇನೆ ಎಂಬುದನ್ನೂ ಮರೆತ. ಸುತ್ತ ಕೂತವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕೊನೆಗೆ ಅವನಿಗೂ ನಗು ಬಂತು. "ಈ ಕಂಬಾನ ತಗೀರಿ ವಾತ್ಯಾರೇ. ಬೊಮ್ಮನ್ನ ಹಾಕಿ. ಕಂಬ ಬುಟ್ಟಿ ಕೆಳಗೇ ಇರ್ಲಿ" ಎಂದ.

ಮುಂದಿನ ಆಟಗಳಲ್ಲಿ ಇನ್ನೊಂದು ತಿಳಿಯಿತು. ಬೊಮ್ಮಯ್ಯನೊಬ್ಬನೇ ಪಳನಿಯನ್ನು ಪೂರ್ತಿ ನಿಲ್ಲಿಸಲಾರ. ಆದರೆ ಇನ್ನೊಬ್ಬ ನೆರವಿಗೆ ಸರಿದರೆ ಪಳನಿ ಚೆಂಡನ್ನು ಬೇರೆಯವನಿಗೆ ದಾಟಿಸಲೇಬೇಕು. ಹಾಕುವುದರಲ್ಲಿ ನಾಲ್ಕು ಅಂಕದವನ ಕೈಗೆ ಅದು ಹೋದರೆ ನಮಗೆ ಅಷ್ಟೇ ಸಾಕು.

ಪೊಂಗಲ್ ಕಳೆದ ಮೇಲೆ ದಿಂಡಿಗಲ್‌ನಲ್ಲಿ ಪಂದ್ಯ. ಯಾರು ಎತ್ತ ಸರಿಯಬೇಕೆಂದು ಮನೆಮಾತಿನಲ್ಲೇ ಕೂಗಿಕೊಳ್ಳುವುದೆಂದು ಹುಡುಗರು ಬಸ್ಸಿನಲ್ಲೇ ತೀರ್ಮಾನಿಸಿದ್ದರು. ಕನ್ನಡ ಅಲ್ಲಿ ಯಾರಿಗೆ ತಿಳಿದೀತು? "ಬಲಕ್ಕ ಬತ್ತಾನ", "ನೀ ಬುಡು, ನಾ ಹಿಡ್ಕತೀನಿ" ಎಂದು ಅಂಕಣವೆಲ್ಲ ನಮ್ಮದೇ ದನಿ. ಆದರೂ ಪಳನಿ ಪ್ರತಿ ಸಲ ನೆರವು ಬರುವ ದಿಕ್ಕು ಮೊದಲೇ ತಿಳಿದವನಂತೆ ಆಡಿದ. ಅರ್ಧ ಆಟ ಮುಗಿದಾಗ ನಾವು ಏಳು ಪಾಯಿಂಟು ಹಿಂದೆ.

ಬೊಮ್ಮಯ್ಯ ನೀರು ಕುಡಿಯುತ್ತಾ ಹೇಳಿದ. "ವಾತ್ಯಾರೇ, ನಾ ರಾಮಸಾಮೀನ 'ಎಮ್ಮೆ' ಅಂದೆ. ಪಳನಿ ನಕ್ಕುಬುಟ್ಟ. ಅವನೂ ನಮ್ಮವನೇ."

ದಿಂಡಿಗಲ್‌ನಲ್ಲೂ ಕನ್ನಡದ ಮನೆಗಳಿದ್ದವು. ನಮಗೆ ಹೊಳೆದಿರಲಿಲ್ಲ, ಅಷ್ಟೇ. ಇನ್ನು ಬಾಯಿ ಬಿಡುವುದು ಬೇಡವೆಂದು ರಾಮಸಾಮಿ ಹೇಳಿದ. ನಾನೂ ಒಪ್ಪಿದೆ.

ಅದರ ಫಲ ಬೇಗ ಕಂಡಿತು. ಹುಡುಗರು ಅವರೇ, ಕಾಲು ಕೈ ಜಿಗಿತ ಅವೇ. ಆದರೆ ಮಾತು ನಿಂತದ್ದೇ ತಂಡ ಕುರುಡಾಯಿತು. ಇಬ್ಬರು ಒಬ್ಬನ ಮೇಲೇ ಹೋದರು, ಇನ್ನೊಬ್ಬನನ್ನು ತಡೆಯುವವರೇ ಇರಲಿಲ್ಲ. ಅಂತರ ಹನ್ನೊಂದಕ್ಕೇರಿತು. ನಾನು ಟೈಮ್‌ಔಟ್ ಕೇಳಿ ಹುಡುಗರನ್ನು ಹತ್ತಿರ ಕರೆದೆ.

"ಅವನಿಗೆ ಕೇಳಿಸಿದರೆ ಕೇಳಿಸಲಿ. ನಿಮಗೆ ಕೇಳಿಸಬೇಕು. ಕೂಗಿ."

ಮತ್ತೆ ದನಿ ಎದ್ದಿತು, ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಬೇಗ. ಪಳನಿಗೆ ಎಲ್ಲ ತಿಳಿಯುತ್ತಿತ್ತು. ತಿಳಿದರೂ ಬೊಮ್ಮಯ್ಯನ ಕಾಲು ಅವನ ಮುಂದಿತ್ತು, ನೆರವಿನವನು ಪಕ್ಕಕ್ಕೆ ಬಂದಿರುತ್ತಿದ್ದ, ಹಿಂದೆ ರಾಮಸಾಮಿ. ಅವನು ಚೆಂಡು ದಾಟಿಸತೊಡಗಿದ. ದಾಟಿಸಿಕೊಂಡವರು ತಪ್ಪಿಸತೊಡಗಿದರು. ಅಂತರ ಕರಗಿ, ಕೊನೆಯ ನಿಮಿಷದಲ್ಲಿ ನಾವು ಒಂದು ಪಾಯಿಂಟು ಮುಂದೆ ಬಂದೆವು. ಚೆಂಡು ಅವರದು. ಪಳನಿ ನುಗ್ಗಿದ. "ಎಡಕ್ಕ, ಬೊಮ್ಮಾ" ಎಂದು ರಾಮಸಾಮಿ ಕೂಗಿದ. ಬೊಮ್ಮಯ್ಯ ಎಡಕ್ಕಿದ್ದ. ಪಳನಿ ಮೂಲೆಯವನಿಗೆ ಕೊಟ್ಟ, ಆ ಹುಡುಗ ಹಾಕಿದ ಚೆಂಡು ಬಳೆಗೆ ಬಡಿದು ಮೇಲೆದ್ದಿತು. ಎಲ್ಲರ ತಲೆಯ ಮೇಲಿಂದ ರಾಮಸಾಮಿಯ ಎರಡು ಕೈ ಅದನ್ನು ಹಿಡಿದು ಎದೆಗೊತ್ತಿಕೊಂಡವು. ಆಟ ಮುಗಿದ ಸೀಟಿ ಕೇಳಿಸಿತು.

ಹುಡುಗರು ಬೊಮ್ಮಯ್ಯನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಪಳನಿ ಬೆವರೊರೆಸಿಕೊಳ್ಳುತ್ತಾ ಬಂದ. ರಾಮಸಾಮಿಯ ಕೈಹಿಡಿದು, "ಯಾರು ಎತ್ತ ಬತ್ತಾನ ಅಂತ ನೀವೇ ಹೇಳ್ತಿದ್ರಿ ಅಣ್ಣೇ. ಹೇಳಿದಂಗೇ ಬಂದೂ ಬುಡ್ತಿದ್ದ. ನಾ ಏನ್ ಮಾಡ್ಲಿ?" ಎಂದು ನಕ್ಕ. ಆಮೇಲೆ ಎರಡು ತಂಡಗಳೂ ಒಂದೇ ಹೋಟೆಲಿನಲ್ಲಿ ಬಿರಿಯಾನಿ ತಿಂದವು. ಯಾರ ಮನೆಯ ಕನ್ನಡದಲ್ಲಿ ಯಾವುದಕ್ಕೆ ಏನೆನ್ನುತ್ತಾರೆ ಎಂಬ ಜಗಳ ಬಸ್ಸು ಹೊರಡುವವರೆಗೂ ಮುಗಿಯಲಿಲ್ಲ.

ಮುಂದೆ ನಾನು ಬಹಳ ವರ್ಷ ಆಯ್ಕೆ ಸಮಿತಿಗಳಲ್ಲಿ ಕುಳಿತೆ. ಜಿಗಿತ, ಓಟ, ಗುರಿ ಎಲ್ಲಕ್ಕೂ ಅಂಕ ಕೊಟ್ಟೆ. ಅಂಕವಿಲ್ಲದೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯದು. ಆದರೆ ಐವರ ಅಂಕ ಕೂಡಿಸಿದರೆ ತಂಡವಾಗುವುದಿಲ್ಲ ಎಂಬುದನ್ನು ಆ ದಿಂಡಿಗಲ್ ಪಂದ್ಯ ನನಗೆ ಕಲಿಸಿತ್ತು. ಹಾಗಾಗಿ ಕೊನೆಯಲ್ಲಿ ಹುಡುಗರನ್ನು ಐದೈದು ಮಂದಿಯಾಗಿ ಆಡಲು ಬಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದೆ. ಮುದುಕ ತೂಕಡಿಸುತ್ತಿದ್ದಾನೆ ಎಂದು ಸಮಿತಿಯ ಉಳಿದವರು ನಗುತ್ತಿದ್ದರು. ಪಕ್ಕದವನಿಗಾಗಿ ಕೂಗುವ ದನಿ ಯಾವುದೆಂದು ನಾನು ಕೇಳಿಸಿಕೊಳ್ಳುತ್ತಿದ್ದೆ. ಕಣ್ಣು ತೆರೆದು, ಮೊದಲು ಅವನ ಹೆಸರು ಕೇಳುತ್ತಿದ್ದೆ.