ಮುಳ್ಳು ಹೇಳಿದ ಕಳ್ಳ

ನನ್ನ ಗಂಡ ದಲ್ಮಾಸಿಯೋನಿಗೆ ಸಿಟ್ಟು ಬಂದರೆ ನಮ್ಮೂರು ಬುಗಿಯಾಸ್‌ನ ನಾಯಿಗಳೂ ದಾರಿ ಬಿಡುತ್ತವೆ. ಒಮ್ಮೆ ಚಂಡಮಾರುತ ಬರುವುದಿಲ್ಲವೆಂದು ರೇಡಿಯೋದವರು ಹೇಳಿದ್ದನ್ನು ನಂಬಿ ಲಾರಿಗೆ ಎಲೆಕೋಸು ತುಂಬಿಕೊಂಡು ಹೊರಟ. ಗಾಳಿ ಬಂದು ಟಾರ್ಪಾಲನ್ನು ಹಾರಿಸಿಕೊಂಡು ಹೋಯಿತು. ಈ ಮಹಾರಾಯ ಗಾಡಿ ನಿಲ್ಲಿಸಿ, ಇಳಿದು, ರೇಡಿಯೋವನ್ನು ಕಿತ್ತು ಪ್ರಪಾತಕ್ಕೆ ಎಸೆದ. ಆಮೇಲೆ ಎರಡು ವರ್ಷ ನಾವು ಹಾಡಿಲ್ಲದೆ ಓಡಾಡಿದೆವು. ಅಂಥವನನ್ನು ಕಟ್ಟಿಕೊಂಡು ಮೂರು ಮಕ್ಕಳನ್ನು ಹೆತ್ತವಳು ನಾನು, ತೋಮಸಾ. ನನಗೂ ಸಿಟ್ಟು ಬರುತ್ತದೆ, ಆದರೆ ಅದು ಯಾರ ಮೇಲೆ ಬರಬೇಕೆಂದು ನೋಡಿಕೊಂಡು ಬರುತ್ತದೆ.

ನಮ್ಮ ಲಾರಿ ಜಪಾನಿನಿಂದ ಬಂದ ಹಳೆಯ ಡೀಸೆಲ್ ಗಾಡಿ. ಅಲ್ಲಿ ಅದರ ಸ್ಟಿಯರಿಂಗ್ ಬಲಗಡೆ ಇತ್ತು. ಇಲ್ಲಿಗೆ ಬಂದ ಎಲ್ಲ ಗಾಡಿಗಳಿಗೂ ಮಾಡುವ ಹಾಗೆ ಬಂದರಿನ ಹತ್ತಿರದ ಯಾವುದೋ ಗ್ಯಾರೇಜಿನವರು ಅದನ್ನು ಕಿತ್ತು ಎಡಗಡೆ ಕೂರಿಸಿದ್ದರು. ಆ ಭರದಲ್ಲಿ ಟ್ಯಾಂಕನ್ನೂ ಈಚೆ ಕಡೆಯಿಂದ ಆಚೆ ಕಡೆಗೆ ಹಾಕಿ, ವೈರುಗಳನ್ನು ತುಂಡುತುಂಡಾಗಿ ಗಂಟು ಹಾಕಿ, ಎಲ್ಲದರ ಮೇಲೆ ದಪ್ಪಗೆ ನೀಲಿ ಬಣ್ಣ ಬಳಿದು ಕೈತೊಳೆದುಕೊಂಡಿದ್ದರು. ಟ್ಯಾಂಕಿನ ಬಾಯಿ ಡೊಂಕು, ಕೋಲು ಇಳಿಸಿ ನೋಡುವ ಹಾಗಿಲ್ಲ. ಎಷ್ಟು ಡೀಸೆಲ್ ಇದೆಯೆಂದು ಹೇಳಲು ಇದ್ದದ್ದು ಸ್ಟಿಯರಿಂಗ್ ಮುಂದಿನ ಮೀಟರಿನ ಗಾಜಿನೊಳಗಿನ ಮುಳ್ಳು ಒಂದೇ.

ನನ್ನ ತಮ್ಮ ಉಸ್ತಿನ್ ಆ ಲಾರಿಯಲ್ಲಿ ಮೂಟೆ ಏರಿಸುವವನು. ಸಂಜೆ ಲಾ ತ್ರಿನಿದಾದ್‌ನ ತರಕಾರಿ ಮಾರುಕಟ್ಟೆ ಮುಟ್ಟಿದ ಮೇಲೆ ದಲ್ಮಾಸಿಯೋ ಸೋದರತ್ತೆಯ ಮನೆಗೆ ಹೋಗಿ ಕಾಲು ಚಾಚುತ್ತಿದ್ದ. ಉಸ್ತಿನ್ ಮಾಲು ಕಾಯುತ್ತ ಗಾಡಿಯಲ್ಲೇ ಮಲಗುತ್ತಿದ್ದ. ಗುಡ್ಡ ಕುಸಿದ ವರ್ಷ ದಲ್ಮಾಸಿಯೋನ ಕಾಲು ಮುರಿದಾಗ ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆ ಮುಟ್ಟಿಸಿದವನೂ ಇದೇ ಉಸ್ತಿನ್. ಅದನ್ನು ನನ್ನ ಗಂಡ ಕುಡಿದಾಗ ಮಾತ್ರ ನೆನೆಸಿಕೊಳ್ಳುತ್ತಾನೆ.

ಆ ವರ್ಷದ ಚಳಿ ಶುರುವಾದಾಗ ಮುಳ್ಳು ಆಟ ಹೂಡಿತು. ಸಂಜೆ ಅರ್ಧ ಟ್ಯಾಂಕು ತೋರಿಸಿದ್ದು ಬೆಳಿಗ್ಗೆ ತಳ ಮುಟ್ಟಿರುತ್ತಿತ್ತು. ದಲ್ಮಾಸಿಯೋ ಹಲ್ಲು ಕಡಿಯುತ್ತ ಬಂಕಿಗೆ ಹೋಗಿ ಹಾಕಿಸುತ್ತಿದ್ದ. ಅರ್ಧ ಟ್ಯಾಂಕಿನಷ್ಟು ಹಾಕುವಷ್ಟರಲ್ಲಿ ಡೀಸೆಲ್ ಹೊರಗೆ ಉಕ್ಕುತ್ತಿತ್ತು. ಬಂಕಿನವನು "ತುಂಬೈತೆ ಕಣಣ್ಣ" ಅಂದರೆ, "ಅದು ನೊರೆ ಕಣಯ್ಯ, ನೊರೆ! ನಂಗೇ ಪಾಠ ಹೇಳ್ತೀಯಾ?" ಎಂದು ಅವನನ್ನೇ ಬೈದು ಬರುತ್ತಿದ್ದ. ಟ್ಯಾಂಕಿಗೆ ಬೀಗ ಹಾಕಿಸಿದ. ಆಗಲೂ ಮುಳ್ಳು ಇಳಿಯಿತು. ಬೀಗ ಹಾಕಿದರೂ ಇಳಿಯುತ್ತದಲ್ಲ, ಮುಳ್ಳನ್ನೇ ಒಮ್ಮೆ ನೋಡೋಣ ಎಂದು ಯಾರಿಗಾದರೂ ಅನ್ನಿಸಬೇಕು. ಇವನಿಗೆ ಅನ್ನಿಸಿದ್ದು ನನ್ನ ತಮ್ಮನ ಹತ್ತಿರ ಕಳ್ಳಕೀಲಿ ಇದೆ ಎಂದು.

"ರಾತ್ರಿ ಗಾಡೀಲಿ ಮಲಗೋನು ಯಾರು? ನಾನಾ?" ಎಂದು ಊಟಕ್ಕೆ ಕೂತಾಗ ಮಕ್ಕಳೆದುರಿಗೇ ಕೂಗಿದ.

"ಭಾವ, ಯೋಚ್ನೆ ಮಾಡಿ ಮಾತಾಡು," ಅಂದ ಉಸ್ತಿನ್. ಗೆಣಸಿನ ತಟ್ಟೆಯನ್ನು ಕೆಳಗಿಟ್ಟ.

"ಯೋಚ್ನೆ ಮಾಡೇ ಹೇಳ್ತಿರೋದು. ಕಳ್ಳ ನೀನೇ."

"ಕಣ್ಣಲ್ಲಿ ಕಂಡ್ಯಾ?"

"ಮುಳ್ಳು ಕಂಡಿದೆ."

ನಾನು ಗಂಡನ ಕೈಯಿಂದ ಸೌಟು ಕಿತ್ತುಕೊಂಡೆ. "ಮುಳ್ಳಿಗೇನ್ ಕಣ್ಣೈತಾ? ನಾಲಿಗೆ ಬಿಗಿಹಿಡಿ. ಅವನು ನನ್ನ ತಾಯಿ ಹೊಟ್ಟೇಲಿ ಹುಟ್ಟಿದವನು!" ಅಂದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ನನ್ನ ಮಾತು ಕೇಳುತ್ತಾನೆಯೇ?

ನಮ್ಮಲ್ಲಿ ಕಳ್ಳ ಅನ್ನಿಸಿಕೊಂಡವನಿಗೆ ಒಂದೇ ದಾರಿ, ಸಪಾತಾ. ಹಿರಿಯರೆದುರು ಸೂರ್ಯನಿಗೆ ಕೈ ಎತ್ತಿ ಆಣೆ ಇಡುವುದು. ಆಣೆ ಇಟ್ಟವನು ಸುಳ್ಳನಾದರೆ ಅವನ ಮನೆಯಲ್ಲಿ ಹೆಣ ಬೀಳುತ್ತದೆ, ನಿಜದವನಾದರೆ ಮಾತು ತಿರುಗಿ ಕಳ್ಳತನ ಹೊರಿಸಿದವನ ಮನೆಗೆ ಹೋಗುತ್ತದೆ. ಹುಡುಗಾಟದ ವಿಷಯವಲ್ಲ ಅದು. ಬಾಯಾನ್ ಅಜ್ಜ ನಮ್ಮ ಊರಿನ ಹಿರಿಯ, ನಮ್ಮ ಅಂಗಳಕ್ಕೆ ಬಂದು ದಲ್ಮಾಸಿಯೋನಿಗೆ ಬಿಡಿಸಿ ಹೇಳಿದ: "ಲೋ, ಇನ್ನೊಂದ್ಸಲ ಗಾಡಿ ನೋಡ್ಕೋ. ಸೂರ್ಯನ್ನ ಕರೆದ್ಮೇಲೆ ವಾಪಸ್ ಕಳ್ಸೋದು ಕಷ್ಟ."

"ಕರೀರಿ. ಹೆದರೋನು ಕಳ್ಳ," ಅಂದ ನನ್ನ ಗಂಡ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಲಾರಿ ಅಲ್ಲೇ ಪಕ್ಕದಲ್ಲಿ ನಿಂತಿತ್ತು. ಒಂದು ಪಾನಾ ಹಿಡಿದು ಅದರ ಕೆಳಗೆ ನುಗ್ಗುವುದನ್ನು ಬಿಟ್ಟು ಇವನು ಸೂರ್ಯನನ್ನು ಕರೆಸಿದ. ಉಸ್ತಿನ್ ಟೋಪಿ ತೆಗೆದು ಕೈ ಎತ್ತಿದ. "ಸೂರ್ಯ, ನಾನು ಒಂದ್ ಹನಿ ತೆಗ್ದಿದ್ರೆ ನಾಳೆ ನಿನ್ನ ನಾನು ನೋಡೋದು ಬೇಡ. ತೆಗೀದೆ ಇದ್ರೆ ಈ ಮಾತು ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ಲಿ," ಅಂದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಮಕ್ಕಳ ಕಡೆ ನೋಡಿದ, ಅವನ ಮುಖ ಸಣ್ಣದಾಯಿತು. ಮಾತು ತಿರುಗಿ ಹೋದರೆ ಹೋಗಿ ಬೀಳುವುದು ಎಲ್ಲಿಗೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂದಿನಿಂದ ಚಿಕ್ಕವನಿಗೆ ಕೆಮ್ಮು ಬಂದರೂ ನನ್ನ ಎದೆ ಹಾರುತ್ತಿತ್ತು.

ಉಸ್ತಿನ್ ಹಾಸಿಗೆ ಸುತ್ತಿಕೊಂಡು ಹೊರಟುಹೋದ, ಕಣಿವೆಯಾಚೆ ಗಜ್ಜರಿ ತೊಳೆಯುವ ಕೆಲಸಕ್ಕೆ ಸೇರಿದ. ಕಳ್ಳನ ಪಟ್ಟ ಕಟ್ಟುವ ಲಾರಿಗೆ ಮೂಟೆ ಏರಿಸಲು ಬೇರೆ ಯಾರೂ ಬರಲಿಲ್ಲ. ಸೊಂಟಕ್ಕೆ ಬಟ್ಟೆ ಬಿಗಿದು ನಾನೇ ಹತ್ತಿದೆ. ಮೊದಲ ರಾತ್ರಿ ಗಾಡಿಯಲ್ಲಿ ಮಲಗುವ ಮುಂಚೆ ಮುಳ್ಳು ನೋಡಿದೆ, ಅರ್ಧ ಇತ್ತು. ಬೆಳಗಾದಾಗ ಮಾರುಕಟ್ಟೆಯ ತುಂಬ ಮಂಜು, ಗಾಜಿನ ಮೇಲೆ ನೀರು. ದಲ್ಮಾಸಿಯೋ ಬಂದು ಕೀಲಿ ತಿರುಗಿಸಿದ. ಮುಳ್ಳು ತಳದಲ್ಲಿ ಬಿದ್ದಿತ್ತು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. "ಹೇಳು ಈಗ. ನಾನು ಕುಡಿದ್ನಾ? ಬಾಯಿ ಮೂಸಿ ನೋಡ್ತೀಯಾ?" ಎಂದು ಕೂಗಿದೆ. ಪಕ್ಕದ ಲಾರಿಗಳವರು ಕಾಫಿ ಲೋಟ ಹಿಡಿದು ಇಳಿದು ಬಂದರು.

"ಮೆಲ್ಲಗೆ ಮಾತಾಡೇ, ಜನ ಕೇಳ್ತಾರೆ."

"ಕೇಳ್ಲಿ! ನನ್ನ ತಮ್ಮನಿಗೆ ಕಳ್ಳ ಅಂದಾಗ ಮೆಲ್ಲಗೆ ಅಂದ್ಯಾ? ಬಂಕಿಗೆ ಹೋಗ್ಬೇಡ. ಒಂದ್ ಹನೀನೂ ಹಾಕಿಸ್ಬೇಡ. ಹಿಂಗೇ ಮನೆಗೆ ನಡಿ. ಎಲ್ಲಿ ನಿಲ್ಲುತ್ತೋ ನಿಲ್ಲಲಿ, ನಾನು ತಳ್ತೀನಿ."

ಗಾಡಿ ಎಲ್ಲೂ ನಿಲ್ಲಲಿಲ್ಲ. ಬೆಟ್ಟದ ರಸ್ತೆ ಹತ್ತುತ್ತ ಬಿಸಿಲು ಬಂತು. ಮುಳ್ಳು ಒಮ್ಮೆ ನಡುಗಿ ತಾನಾಗಿಯೇ ಎದ್ದು ಅರ್ಧದ ಹತ್ತಿರ ಹೋಗಿ ಕೂತಿತು. ನನ್ನ ಗಂಡ ರಸ್ತೆಯನ್ನೇ ನೋಡುತ್ತಿದ್ದ.

"ಉಸ್ತಿನ್ ಅಲ್ಲಿಂದ್ಲೇ ಡೀಸೆಲ್ ಉಗುಳಿ ಕಳ್ಸಿದ್ನೇನೋ," ಅಂದೆ.

ಮನೆ ಮುಟ್ಟಿದವನೇ ಟ್ಯಾಂಕು ಬಿಗಿದ ಕಬ್ಬಿಣದ ಪಟ್ಟಿ ಬಿಚ್ಚಿ, ವೈರು ಕೀಳದೆ ಟ್ಯಾಂಕು ಇಳಿಸಿದ. ಅದರ ನೆತ್ತಿಯ ಮೇಲೆ ದುಂಡನೆಯ ತಗಡು, ಅದರ ಕೆಳಗೆ ಟ್ಯಾಂಕಿನೊಳಗೆ ಇಳಿಬಿದ್ದ ತಂತಿಯ ತೋಳು, ತೋಳಿನ ತುದಿಯಲ್ಲಿ ಡೀಸೆಲ್ ಮೇಲೆ ತೇಲುವ ಬುರುಡೆ. ಅದು ಏರಿಳಿದ ಹಾಗೆ ಮುಳ್ಳು ಏರಿಳಿಯಬೇಕು. ನನ್ನನ್ನು ಗಾಡಿಯೊಳಗೆ ಮುಳ್ಳಿನ ಮುಂದೆ ಕೂರಿಸಿ, ತಾನು ಅದನ್ನು ಹೊರಗೆಳೆದು ಕೈಯಿಂದ ಬುರುಡೆ ಎತ್ತುತ್ತ "ಈಗ?" ಎಂದು ಕೇಳುತ್ತಿದ್ದ.

"ಎದ್ತು."

"ಈಗ?"

"ಕುಂಟ್ತಾ ಇದೆ. ನಿನ್ ಬುದ್ಧಿ ಥರ."

ತೋಳು ಉಜ್ಜುವ ಜಾಗ ಹಸಿರು ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ನಯವಾದ ಮರಳುಕಾಗದದಿಂದ ತಿಕ್ಕಿದ. ಕುಂಟು ಹೋಯಿತು, ಬೇನೆ ಹೋಗಲಿಲ್ಲ. ಟ್ಯಾಂಕಿನಿಂದ ಗಾಡಿಯ ಚಾಸಿಗೆ ಗೇಣುದ್ದದ ಒಂದು ಅರ್ಥಿಂಗ್ ವೈರು ಹೋಗಿತ್ತು. ಅದರ ತಿರುಪಿನ ಮೇಲೆ ಒಂದು ಚೊಂಬು ತಣ್ಣೀರು ಸುರಿದ. ಮುಳ್ಳು ಸತ್ತುಬಿತ್ತು! ವೈರನ್ನು ಬಿಚ್ಚಿ ಬರಿ ಕಬ್ಬಿಣಕ್ಕೆ ಮುಟ್ಟಿಸಿದ. ಎದ್ದಿತು. ಆ ಗ್ಯಾರೇಜಿನ ಪುಣ್ಯಾತ್ಮರು ಬಣ್ಣದ ಮೇಲೆಯೇ ತಿರುಪು ಹಾಕಿದ್ದರು, ಅದರ ಸುತ್ತ ತುಕ್ಕು ಬೆಳೆದಿತ್ತು. ಚಳಿಗೆ ಕಬ್ಬಿಣ ಕುಗ್ಗಿ ಬಿಟ್ಟುಕೊಳ್ಳುತ್ತಿತ್ತು, ಬಿಸಿಯಾದ ಮೇಲೆ ಮತ್ತೆ ಮುಟ್ಟುತ್ತಿತ್ತು. ದಲ್ಮಾಸಿಯೋ ಬಣ್ಣ ಕೆರೆದು, ಕಬ್ಬಿಣ ಹೊಳೆಯುವ ತನಕ ಉಜ್ಜಿ, ಹೊಸ ವೈರು ಬಿಗಿದು, ಗ್ರೀಸು ಮೆತ್ತಿದ. ಮತ್ತೆ ತಣ್ಣೀರು ಸುರಿದರೂ ಮುಳ್ಳು ಅಲುಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಇಷ್ಟು ಸಣ್ಣ ಕೆಲಸಕ್ಕೆ ನನ್ನ ತಮ್ಮನ ಮಾನ ತೆಗೆದಿದ್ದ.

ಆಣೆ ಇಳಿಸಬೇಕಲ್ಲ. ಬಾಯಾನ್ ಅಜ್ಜನೇ ಹೋಗಿ ಉಸ್ತಿನ್‌ನನ್ನು ಕರೆತಂದ. ದಲ್ಮಾಸಿಯೋ ಹಂದಿ ಕಡಿದ, ಬಂದವರಿಗೆಲ್ಲ ಅಕ್ಕಿಹೆಂಡ ಬಡಿಸಿದ. ಆದರೆ ಬಾಯಿ ಬಿಟ್ಟಾಗ ಅದರಿಂದ ಬಂದದ್ದು ಇದು: "ವೈರು ತುಕ್ಕು ಹಿಡಿದಿತ್ತು. ನಾನೇನ್ ಮಾಡ್ಲಿ?"

ಅಂಗಳ ತುಂಬ ಜನ. ಅಜ್ಜ ತಲೆ ತಗ್ಗಿಸಿದ. ನಾನು ಎದ್ದು ನಿಂತೆ, ಆದರೆ ನನಗಿಂತ ಮುಂಚೆ ಉಸ್ತಿನ್ ಮಾತಾಡಿದ.

"ನಂಗೆ ಕಳ್ಳ ಅಂದಿದ್ದು ವೈರಾ, ಭಾವ?"

ಆಗ ದಲ್ಮಾಸಿಯೋ ಕೈಯಲ್ಲಿದ್ದ ಹೆಂಡದ ಲೋಟ ಕೆಳಗಿಟ್ಟ. "ನಾನು ಅಂದಿದ್ದು. ತಪ್ಪಾಯ್ತು," ಅಂದ. ಅವನ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಉಸ್ತಿನ್ ಸೂರ್ಯನಿಗೆ ಕೈ ಎತ್ತಿ, "ಮಕ್ಕಳಿಗೋಸ್ಕರ ಮಾತು ವಾಪಸ್ ತಗೊಂಡೆ, ಯಾರ ಮೇಲೂ ಬೀಳೋದ್ ಬೇಡ," ಅಂದ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವನು ಪಾಲಿಗೆ ಬಂದ ಮಾಂಸವನ್ನು ಬಿದಿರು ಕಡ್ಡಿಗೆ ಚುಚ್ಚಿಕೊಂಡು, ಮನೆಯೊಳಗೆ ಕಾಲಿಡದೆ ಹೊರಟ.

"ಬೆಳಿಗ್ಗೆ ಲೋಡ್ ಇದೆ ಕಣೋ, ಬಂದ್ಬಿಡು," ಎಂದು ದಲ್ಮಾಸಿಯೋ ಹಿಂದಿನಿಂದ ಕೂಗಿದ. ಎಲ್ಲ ಸರಿಹೋಯಿತೆಂದೇ ಅವನು ತಿಳಿದಿದ್ದ.

ಉಸ್ತಿನ್ ತಿರುಗಿ ನಿಂತ. "ಮುಳ್ಳನ್ನ ಕರ್ಕೊಂಡ್ ಹೋಗು ಭಾವ. ನೀನು ನಂಬಿದ್ದು ಅದನ್ನೇ ಅಲ್ವಾ?"

ಮರುದಿನ ಬೆಳಿಗ್ಗೆ ನನ್ನ ಗಂಡ ಹಾರ್ನ್ ಹೊಡೆದ, ಮತ್ತೆ ಮತ್ತೆ ಹೊಡೆದ. ನಾನು ಒಳಗೆ ಮಕ್ಕಳ ತಲೆ ಬಾಚುತ್ತಿದ್ದೆ, ಎದ್ದು ಹೋಗಲಿಲ್ಲ.