ಹಗೇವಿನ ಬಾಯಿ ಬಲ್ಲ ಅಮೋಘಸಿದ್ದಪ್ಪ

ಬೆಳಗಿನ ಆರು ಗಂಟೆ. ತಿರ್ಲಾಪುರದ ಆಚೆಯ ತೊಂಬತ್ತು ಮನೆಗಳ ಊರಿನಲ್ಲಿ ಜೆಸಿಬಿ ಇನ್ನೂ ಸದ್ದು ಮಾಡಿಲ್ಲ. ಅದರ ಮುಂದೆ ಎಪ್ಪತ್ತೆರಡರ ಅಮೋಘಸಿದ್ದಪ್ಪ ಬರಿಗಾಲಲ್ಲಿ ನಡೆಯುತ್ತ, ಕಬ್ಬಿಣದ ಹಾರಿಯಿಂದ ನೆಲ ಕುಟ್ಟಿ ಕಿವಿಗೊಡುತ್ತಾರೆ. ಗಟ್ಟಿ ನೆಲ. ನಳದ ಪೈಪಿಗೆ ತಗ್ಗು ತೋಡಬಹುದು. ದಿನಕ್ಕೆ ಇನ್ನೂರು ಅಡಿ, ಅಡಿಗೆ ಮೂರು ಪೆಟ್ಟು.

ಅವರು ಹುಡುಕುವುದು ಹಗೇವು. ಜೋಳ ತುಂಬಿಡಲು ಹಿರಿಯರು ನೆಲದಡಿ ತೋಡಿದ, ಆಳೆತ್ತರ ಮೀರಿದ ಕಣಜ. ಹೊಟ್ಟು ಹಾಸಿ ಕಾಳು ಸುರಿಯುವುದು, ಬಾಯಿಗೆ ಹಾಸುಗಲ್ಲು ಮುಚ್ಚುವುದು, ತೆಗೆಯುವಾಗ ಮೊದಲು ಕಂದೀಲು ಇಳಿಬಿಟ್ಟು ಒಳಗಿನ ಗಾಳಿ ಉಸಿರಾಟಕ್ಕೆ ಸರಿಯೇ ಎಂದು ನೋಡುವುದು ಇವರ ಮನೆತನದ ಕಸುಬು. ಈಗ ಕಡಲೆ, ಹೆಸರು ಕಣದಿಂದಲೇ ಲಾರಿ ಹತ್ತುತ್ತವೆ. ಎತ್ತು ಕಟ್ಟುತ್ತಿದ್ದ ಅಂಗಳದಲ್ಲಿ ಕಾರು ನಿಂತಿದೆ. ಊರಿನ ನಲವತ್ತಮೂರು ಹಗೇವುಗಳಲ್ಲಿ ಇಪ್ಪತ್ತೇಳಕ್ಕೆ ಮಣ್ಣು ಬಿದ್ದಿದೆ. ಉಳಿದ ಹದಿನಾರು ಓಣಿ, ಅಂಗಳಗಳ ಕೆಳಗೆ ಇನ್ನೂ ಟೊಳ್ಳು. ಎಲ್ಲೆಲ್ಲಿ ಎಂಬುದು ಯಾವ ಕಾಗದದಲ್ಲೂ ಇಲ್ಲ, ಇವರ ತಲೆಯಲ್ಲಿದೆ.

ಆ ತಲೆ ಒಮ್ಮೆ ತಪ್ಪಿತು. ಹೋದ ವರ್ಷ ಮಹಾದೇವಕ್ಕನ ಹಿತ್ತಲಿನ ಹಗೇವಿಗೆ ಮಣ್ಣು ತುಂಬಿದೆ ಎಂದು ಇವರೇ ಹೇಳಿದ್ದರು. ಅದರ ಮೇಲೆ ಹೋದ ಟ್ರ್ಯಾಕ್ಟರಿನ ಹಿಂದಿನ ಗಾಲಿ ಅರ್ಧ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. “ಮುದುಕಗ ಮರವು ಬಂತು ಅಂದ್ರು. ಅಂದಿನಿಂದ ಬಾಯಿಮಾತು ಬಿಟ್ಟು ಹಾರಿ ಹಿಡದೇನ್ರಿ.”

ಗೊಬ್ಬರದ ಅಂಗಡಿಯ ಕಾಶಿನಾಥನ ಗೇಟಿನ ಮುಂದೆ ಹಾರಿಯ ದನಿ ಬದಲಾಗುತ್ತದೆ. ಅಮೋಘಸಿದ್ದಪ್ಪ ಕೈ ಎತ್ತುತ್ತಾರೆ. ಹಲ್ಲುಜ್ಜುತ್ತ ಹೊರಬಂದ ಕಾಶಿನಾಥ, “ಇದನ್ನ ನಮ್ಮಪ್ಪ ತುಂಬಿಸ್ಯಾನ ಕಾಕಾ. ಮಹಾದೇವಕ್ಕಂದು ತುಂಬೇತಿ ಅಂದಿ, ಈಗ ಇದು ಟೊಳ್ಳೈತಿ ಅಂತಿ. ನಿನ್ನ ಹಾರಿ ಕಿವುಡಾಗೈತೇನು?” ಎನ್ನುತ್ತಾನೆ.

“ತುಂಬಸ್ತೇನಿ ಅಂತಿದ್ದ ತಮ್ಮಾ, ನಿಮ್ಮಪ್ಪ. ಅನ್ನೂದ್ರಾಗ ವರ್ಷ ಕಳದ್ವು. ಮಶೀನ್ ಬ್ಯಾಡ, ಕೈಲೆ ತಗಸು.”

ಜೆಸಿಬಿ ಓಡಿಸುವ ಸಾಧಿಕ್ ಸಲಿಕೆ ಹಿಡಿಯುತ್ತಾನೆ. ಎರಡು ಅಡಿಗೆ ಹಾಸುಗಲ್ಲು ಸಿಗುತ್ತದೆ. ಸರಿಸಿದ ಸಂದಿಯಿಂದ ಹಳೆಯ ಜೋಳದ ಮುಗ್ಗು ವಾಸನೆ. ಇಳಿಬಿಟ್ಟ ಕಂದೀಲು ಅರ್ಧಕ್ಕೇ ಆರುತ್ತದೆ. ತಾನು ಗಾಡಿ ತಂದು ನಿಲ್ಲಿಸಬೇಕಿದ್ದ ಜಾಗವನ್ನು ನೋಡಿ ಸಾಧಿಕ್ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಕಾಶಿನಾಥ ಒಳಗೆ ಹೋಗಿ ಚಹಾ ತರುತ್ತಾನೆ.

ಚಹಾ ಕುಡಿದು ಅಮೋಘಸಿದ್ದಪ್ಪ ಹಗೇವಿನ ಬಾಯಿಯ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ. ಹದಿನಾರರಲ್ಲಿ ಇದು ಹನ್ನೊಂದನೆಯದು.

“ಇನ್ನ ಐದು ಉಳದಾವ್ರಿ. ಅವೂ ಸಿಕ್ಕು, ಎಲ್ಲಾ ತುಂಬಿದ ಮ್ಯಾಲೆ ಯಾರೂ ನನ್ನ ಕೇಳೂದು ಬ್ಯಾಡ. ಹುಡುಗ್ರು ಎಲ್ಲಿ ಬೇಕಲ್ಲಿ ಓಡ್ಯಾಡ್ಲಿ.”

ಹಾರಿ ಹೆಗಲಿಗೇರುತ್ತದೆ.