ಪೆಂಡುರ್ತಿಗೆ ಚಳಿ ಬಂದ ವಾರ

ಬ್ಯಾಂಕಿನವರು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ಹೆಂಡತಿ, ಮಗಳನ್ನು ಅಲ್ಲೇ ಬಿಟ್ಟು, ಊರಂಚಿನ ಪೆಂಡುರ್ತಿಯ ಅಪಾರ್ಟ್‌ಮೆಂಟೊಂದರಲ್ಲಿ ನಾನೊಬ್ಬನೇ ಮನೆ ಮಾಡಿದೆ. ವಿಜಯವಾಡದ ಗವರ್ನರ್‌ಪೇಟೆಯ ಮನೆಯಲ್ಲಿ ಸಂಕ್ರಾಂತಿಗೂ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದವರು ನಾವು. ಆ ವರ್ಷ ಮಾತ್ರ ಬೆಟ್ಟದ ಕಡೆಯಿಂದ ಎಂದೂ ಇಲ್ಲದ ಗಾಳಿ ಬೀಸಿ, ಊರಿಗೆ ಊರೇ ಕಿವಿಗೆ ಟವೆಲ್ ಸುತ್ತಿಕೊಂಡು ಓಡಾಡಿತು.

ಅಂಥ ಒಂದು ಬೆಳಿಗ್ಗೆ ಬ್ರಾಂಚಿಗೆ ಹೊರಟು ಕೆಳಗೆ ಬಂದರೆ, ನನ್ನ ಸ್ಕೂಟರಿನ ಇಂಜಿನ್ನಿಗೆ ಹಾವೊಂದು ಸುತ್ತಿಕೊಂಡಿತ್ತು. ಹೌಹಾರಿ ಹಿಂದೆ ಸರಿದೆ. ಅದು ಅಲುಗಾಡಲಿಲ್ಲ.

ವಾಚ್‌ಮನ್ನನ್ನು ಕೂಗಿದೆ. ಬಂದವಳು ಅವನ ಹೆಂಡತಿ. ಶ್ರೀಕಾಕುಳದ ಕಡೆಯ ವಯಸ್ಸಾದ ದಂಪತಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದರು.

“ಅವರು ಮಲಗಿದ್ದಾರೆ ಬಾಬು. ರಾತ್ರಿಯೆಲ್ಲ ಗೇಟಿನ ಹತ್ತಿರ ಕೂತಿದ್ದರು,” ಎಂದಳು ತೆಲುಗಿನಲ್ಲಿ. ಆಮೇಲೆ ಬಗ್ಗಿ ನೋಡಿ, “ಕೇರೆಹಾವು. ಚಳಿಗೆ ಮರಗಟ್ಟಿದೆ, ಪಾಪ,” ಎಂದಳು.

ಅಷ್ಟರಲ್ಲಿ ಜನ ಸೇರಿದರು. ಯಾರೋ ದೊಣ್ಣೆ ತಂದರು. ಅವಳು ಬಿಡಲಿಲ್ಲ. ಪೊರಕೆಯ ಹಿಡಿಯಿಂದ ಮೆಲ್ಲಗೆ ಬಿಡಿಸಿ, ಬಿಸಿಲು ಬಿದ್ದಿದ್ದ ಮರಳಿನ ರಾಶಿಯ ಮೇಲೆ ಇಟ್ಟಳು. ಎಲ್ಲರೂ ಶಾಲು ಹೊದ್ದು ವೀಡಿಯೋ ತೆಗೆಯುತ್ತ ನಿಂತರು. ನಾನೂ ತೆಗೆದು ಮಗಳಿಗೆ ಕಳಿಸಿದೆ. ಎಷ್ಟೋ ಹೊತ್ತಿನ ಮೇಲೆ ನಾಲಗೆ ಹೊರಬಂತು. ಬಾಲ ಅಲ್ಲಾಡಿತು. ನೋಡನೋಡುತ್ತಲೇ ಪೊದೆಯೊಳಗೆ ಸರಿದುಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ನಗುತ್ತ, ಗಂಡನಿಗೆ ಚಹಾ ಕೊಡಲು ಒಳಗೆ ಹೋದಳು.

ಸ್ವಲ್ಪದರಲ್ಲೇ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಚಹಾದ ಲೋಟ ಹಾಗೇ ಇತ್ತು.

“ಬಾಬು, ಒಂದು ಸಲ ಬನ್ನಿ. ಇವರು ಮಾತಾಡ್ತಿಲ್ಲ.”

ಬರೀ ಸಿಮೆಂಟು ನೆಲ, ಅದರ ಮೇಲೆ ಚಾಪೆ. ಹೊದ್ದಿದ್ದು ಒಂದು ಬೆಡ್‌ಶೀಟು, ಅದರ ಮೇಲೊಂದು ಗೋಣಿಚೀಲ. ಅವನ ಕೈ ಮುಟ್ಟಿದೆ, ತಣ್ಣಗಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವಳು ಅವನ ಪಾದ ಉಜ್ಜುತ್ತಿದ್ದಳು. “ಆಗಲೇ ತುಂಬಾ ಹೊತ್ತಾಗಿದೆ,” ಅಂದರು ಡಾಕ್ಟರು. “ವಯಸ್ಸು, ಮೇಲೆ ಈ ಚಳಿ.” ಅವಳು ಆಮೇಲೂ ಉಜ್ಜುತ್ತಲೇ ಇದ್ದಳು.

ಮಧ್ಯಾಹ್ನ ದೇಹವನ್ನೂ ಅವಳನ್ನೂ ವ್ಯಾನಿನಲ್ಲಿ ಅವರ ಊರಿಗೆ ಕಳಿಸಿ ಬ್ರಾಂಚಿಗೆ ಹೋದೆ. ಬಂದವರೆಲ್ಲ ಚಳಿಯ ಮಾತೇ ಆಡಿದರು. ನಾನು ಹೂಂಗುಟ್ಟುತ್ತ ಸಹಿ ಹಾಕಿದೆ. ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ.

ಸಂಜೆ ಮಗಳ ಫೋನು ಬಂತು. ಅವಳಿಗೆ ಕನ್ನಡಕ್ಕಿಂತ ತೆಲುಗೇ ಬೇಗ ಬಾಯಿಗೆ ಬರುತ್ತದೆ.

“ಅಪ್ಪಾ, ಪಾಮು ಬತಿಕಿಂದಾ?”

“ಹೂಂ ಪುಟ್ಟಿ, ಹಾವು ಬದುಕಿತು.”

ಹೆಂಡತಿ ಫೋನು ತಗೊಂಡು, “ದನಿ ಯಾಕೆ ಹಿಂಗಾಗೇತಿ?” ಎಂದಳು.

“ಚಳಿ,” ಅಂದೆ. ಉಳಿದದ್ದನ್ನು ಹೇಳಿದ್ದು ಎಷ್ಟೋ ದಿನದ ಮೇಲೆ.

ಆ ವಾರ ಕಳೆಯುವಷ್ಟರಲ್ಲಿ ಚಳಿ ಹೋಯಿತು. ಹೊಸ ವಾಚ್‌ಮನ್‌ಗೆ ಅಸೋಸಿಯೇಷನ್‌ನವರು ಮಂಚ, ರಗ್ಗು ಕೊಡಿಸಿದರು. ಬೇಸಿಗೆ ಶುರುವಾದಾಗ ಹಳೆಯ ವಾಚ್‌ಮನ್ನನ ಹೆಂಡತಿ, ಕೋಣೆಯಲ್ಲಿ ಉಳಿದಿದ್ದ ಪಾತ್ರೆ ಒಯ್ಯಲು ಬಂದಳು. ನೀರು ಕೊಟ್ಟೆ. ಕುಡಿದು, ಸೆರಗಿನಿಂದ ಬೆವರು ಒರೆಸಿಕೊಂಡು, ನನ್ನ ಮಗಳ ಪರೀಕ್ಷೆ ಮುಗಿಯಿತಾ ಎಂದು ಕೇಳಿದಳು. ಇನ್ನೂ ಇಲ್ಲ ಅಂದೆ. ಪಾತ್ರೆಯ ಚೀಲವನ್ನು ನಾನೇ ಆಟೋದಲ್ಲಿಟ್ಟೆ.

“ವೆಳ್ಳೊಸ್ತಾ ಬಾಬು,” ಎಂದಳು. ಹೋಗಿ ಬರ್ತೀನಿ ಅಂತ.

ಆಟೋ ಹೋದಮೇಲೂ ಗೇಟಿನಲ್ಲೇ ನಿಂತಿದ್ದೆ. ಕಾರು ಹೊರಗೆ ತೆಗೆಯಲು ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಪಕ್ಕಕ್ಕೆ ಸರಿದೆ.